ಈ ಸೀಸನ್‌ನಲ್ಲಿ ಮಿಂಚುವ ಫುಟ್ಬಾಲ್ ಆಟಗಾರನನ್ನು ಮೊದಲೇ ಗುರುತಿಸುವುದು ಹೇಗೆ

ಸೆರು ಗಿರಾಸಿ 2022–23ರಲ್ಲಿ ಸ್ಟುಟ್‌ಗಾರ್ಟ್ ಪರ ಜರ್ಮನಿಯ ಅಗ್ರ ಲೀಗ್ ಬುಂಡೆಸ್‌ಲಿಗಾದಲ್ಲಿ 22 ಪಂದ್ಯ ಆಡಿ 11 ಗೋಲು ಗಳಿಸಿದರು. ತಂಡ 16ನೇ ಸ್ಥಾನಕ್ಕೆ ಕುಸಿದು, ಪ್ಲೇಆಫ್ ಗೆದ್ದು ಹೇಗೋ ಲೀಗ್‌ನಲ್ಲಿ ಉಳಿದುಕೊಂಡಿತ್ತು. ಅಂಥ ತಂಡದ ಸ್ಟ್ರೈಕರ್‌ನ 11 ಗೋಲು ಹೆಚ್ಚು ಜನರ ಲೆಕ್ಕಕ್ಕೆ ಬರಲಿಲ್ಲ. ಮರು ಸೀಸನ್‌ನಲ್ಲಿ ಅವರು 28 ಪಂದ್ಯಗಳಲ್ಲಿ 28 ಗೋಲು ಹೊಡೆದರು, ತಂಡ ಎರಡನೇ ಸ್ಥಾನಕ್ಕೇರಿತು. ಎರಡು ಪಂದ್ಯಕ್ಕೊಂದು ಗೋಲು ಎಂಬ ಸುಳಿವು ಒಂದು ವರ್ಷ ಮೊದಲೇ ಎಲ್ಲರ ಕಣ್ಣೆದುರಿಗಿತ್ತು.

ದಿಢೀರನೆ ಬ್ರೇಕ್‌ಔಟ್ ಆದರು, ಅಂದರೆ ಮೊದಲ ಸಲ ದೊಡ್ಡದಾಗಿ ಮಿಂಚಿದರು ಎನ್ನಿಸಿಕೊಳ್ಳುವ ಆಟಗಾರರಲ್ಲಿ ಹೆಚ್ಚಿನವರ ಸಾಮರ್ಥ್ಯ ಹಿಂದಿನ ವರ್ಷದ ಅಂಕಿಗಳಲ್ಲೇ ಕಾಣುತ್ತಿರುತ್ತದೆ. ಅದಕ್ಕೆ ಬೇಕಾದ ನಿಮಿಷಗಳು, ಮೈದಾನದಲ್ಲಿ ಸರಿಯಾದ ಜಾಗ, ಹೊಂದುವ ತಂಡ ಮಾತ್ರ ಇನ್ನೂ ಕೂಡಿಬಂದಿರುವುದಿಲ್ಲ. ಹಾಗಾಗಿ ಈ ಕೆಲಸದಲ್ಲಿ ಮುಕ್ಕಾಲು ಪಾಲು ಶ್ರಮ ಹೋಗಬೇಕಾದದ್ದು ಖಾಲಿಯಾಗಲಿರುವ ನಿಮಿಷಗಳನ್ನು ಹುಡುಕುವುದಕ್ಕೆ. ಉಳಿದ ಕಾಲು ಭಾಗದಲ್ಲಿ ಆ ನಿಮಿಷಗಳನ್ನು ತುಂಬಬಲ್ಲವನು ನಿಜಕ್ಕೂ ಚೆನ್ನಾಗಿ ಆಡುತ್ತಾನೆಯೇ ಎಂದು ನೋಡಿದರೆ ಸಾಕು.

ಮೊದಲು ಗೆರೆ ಎಳೆಯಿರಿ

"ಮಿಂಚುವುದು" ಅಂದರೆ ಏನು ಎಂದು ಸೀಸನ್ ಶುರುವಾಗುವ ಮೊದಲೇ ಬರೆದಿಡಿ. ಬರೆದಿಡದಿದ್ದರೆ ಸೀಸನ್ ಮುಗಿಯುವ ಮೇ ತಿಂಗಳಲ್ಲಿ ನಿಮ್ಮ ಪ್ರತಿ ಆಯ್ಕೆಯೂ ಸರಿಯಾಗಿತ್ತು ಎಂದೇ ತೋರುತ್ತದೆ. ಮುಂಚೂಣಿ ಆಟಗಾರರಿಗೆ ಚೆನ್ನಾಗಿ ಒಗ್ಗುವ ಅಳತೆ ಇದು: ಹಿಂದಿನ ಯಾವ ಸೀಸನ್‌ನಲ್ಲೂ ದೊಡ್ಡ ಲೀಗ್‌ನಲ್ಲಿ (ಇಂಗ್ಲೆಂಡ್, ಸ್ಪೇನ್, ಜರ್ಮನಿ, ಇಟಲಿ, ಫ್ರಾನ್ಸ್) 12 ಗೋಲು ದಾಟಿರಬಾರದು, ಈ ಸೀಸನ್‌ನಲ್ಲಿ ಕನಿಷ್ಠ 1,800 ನಿಮಿಷ ಆಡಬೇಕು, ಪೆನಾಲ್ಟಿ ಬಿಟ್ಟು ಗೋಲು ಮತ್ತು ಅಸಿಸ್ಟ್ (ಗೋಲಿಗೆ ದಾರಿಮಾಡಿದ ಪಾಸ್) ಸೇರಿ 14 ಆಗಬೇಕು. ಸಂಖ್ಯೆಗಳನ್ನು ನಿಮಗೆ ಬೇಕಾದಂತೆ ಬದಲಿಸಿಕೊಳ್ಳಿ. ಸೀಸನ್ ಶುರುವಾದ ಮೇಲೆ ಮಾತ್ರ ಮುಟ್ಟಬೇಡಿ.

ವಯಸ್ಸಿನ ಮಿತಿ ಹಾಕುವಾಗ ಕೈ ಸ್ವಲ್ಪ ಸಡಿಲವಿರಲಿ. 19ರಿಂದ 23ರ ನಡುವಿನವರೇ ಹೆಚ್ಚಾಗಿ ಮೇಲೇಳುವುದು ನಿಜ. ಆದರೆ ಲೆಸ್ಟರ್‌ನ ಜೇಮಿ ವಾರ್ಡಿ 2014–15ರಲ್ಲಿ 5 ಲೀಗ್ ಗೋಲು ಗಳಿಸಿ, ಮರುವರ್ಷ 24ಕ್ಕೆ ಜಿಗಿದಾಗ ಅವರಿಗೆ 28 ದಾಟಿತ್ತು. ಗಿರಾಸಿಗೆ 27. ವಿಕ್ಟರ್ ಯೋಕೆರೆಸ್ ಇಂಗ್ಲೆಂಡಿನ ಕೊವೆಂಟ್ರಿಯಿಂದ ಪೋರ್ಚುಗಲ್‌ನ ಸ್ಪೋರ್ಟಿಂಗ್‌ಗೆ ಹೋಗಿ 2023–24ರಲ್ಲಿ 29 ಲೀಗ್ ಗೋಲು ಹೊಡೆದದ್ದು 25ರ ವಯಸ್ಸಿನಲ್ಲಿ. 23ಕ್ಕೆ ಗೆರೆ ಎಳೆದಿದ್ದವರ ಪಟ್ಟಿಯಲ್ಲಿ ಈ ಮೂವರೂ ಇರುತ್ತಿರಲಿಲ್ಲ.

ಮೇಜಿನ ಮೇಲೆ ಏನಿರಬೇಕು

ಒಂದು ಸ್ಪ್ರೆಡ್‌ಶೀಟ್ ಸಾಕು. ಕಾಲಂಗಳು: ಹೆಸರು, ಹುಟ್ಟಿದ ದಿನ, ಹಿಂದಿನ ಎರಡು ಸೀಸನ್‌ಗಳ ನಿಮಿಷ, ಆರಂಭದ ಹನ್ನೊಂದರಲ್ಲಿ ಆಡಿದ ಪಂದ್ಯ, ಆಡಿದ ಜಾಗ, 90 ನಿಮಿಷಕ್ಕೆ ಪೆನಾಲ್ಟಿ ಬಿಟ್ಟ ಎಕ್ಸ್‌ಜಿ, 90 ನಿಮಿಷಕ್ಕೆ ಎಕ್ಸ್‌ಎ, 90 ನಿಮಿಷಕ್ಕೆ ಹೊಡೆತಗಳು, ಗಾಯದಿಂದ ತಪ್ಪಿದ ದಿನಗಳು, ಅದೇ ಜಾಗಕ್ಕಿರುವ ಪೈಪೋಟಿ, ಕೋಚ್ ಬದಲಾಗಿದ್ದಾರೆಯೇ ಎಂಬ ಟಿಪ್ಪಣಿ.

ಎಕ್ಸ್‌ಜಿ ಅಂದರೆ ನಿರೀಕ್ಷಿತ ಗೋಲು. ಒಂದು ಹೊಡೆತ ಗೋಲಾಗುವ ಸಾಧ್ಯತೆಗೆ 0ರಿಂದ 1ರ ನಡುವೆ ಕೊಡುವ ಅಂಕಿ ಅದು. ಪೆನಾಲ್ಟಿಗೆ ಸುಮಾರು 0.78, ಪೆನಾಲ್ಟಿ ಪ್ರದೇಶದ ಹೊರಗಿನ ಸಾಮಾನ್ಯ ಹೊಡೆತಕ್ಕೆ 0.03ರ ಆಸುಪಾಸು. ಎಕ್ಸ್‌ಎ ಅಂದರೆ ಅದೇ ಲೆಕ್ಕವನ್ನು ಪಾಸ್ ಕೊಟ್ಟವನ ಹೆಸರಿಗೆ ಬರೆಯುವುದು. ಯುರೋಪಿನ ಐದು ದೊಡ್ಡ ಲೀಗ್‌ಗಳ ಇಂಥ ಅಂಕಿಗಳು ಅಂಡರ್‌ಸ್ಟ್ಯಾಟ್ ತಾಣದಲ್ಲಿ 2014–15ರಿಂದ ಈಚೆಗೆ ಉಚಿತವಾಗಿ ಸಿಗುತ್ತವೆ. ಗಾಯ, ಕರಾರು, ಯಾವ ಜಾಗದಲ್ಲಿ ಎಷ್ಟು ಪಂದ್ಯ ಎಂಬುದಕ್ಕೆ ಟ್ರಾನ್ಸ್‌ಫರ್‌ಮಾರ್ಕ್ಟ್ ತಾಣ ನೋಡಿ. ಎರಡು ತಾಣಗಳ ಎಕ್ಸ್‌ಜಿಯನ್ನು ಒಂದೇ ಕಾಲಂನಲ್ಲಿ ಬೆರೆಸಬೇಡಿ. ಒಬ್ಬೊಬ್ಬರ ಮಾದರಿ ಒಂದೊಂದು ರೀತಿ, ಅಂಕಿ ಹೊಂದುವುದಿಲ್ಲ.

ನಿಮಿಷಗಳ ಲೆಕ್ಕ

ಇಲ್ಲಿಯೇ ಹೆಚ್ಚು ಹೊತ್ತು ಕೂರಬೇಕು. 38 ಪಂದ್ಯದ ಲೀಗ್‌ನಲ್ಲಿ ಒಂದು ಜಾಗಕ್ಕೆ 3,420 ನಿಮಿಷ, 34 ಪಂದ್ಯದ ಬುಂಡೆಸ್‌ಲಿಗಾದಲ್ಲಿ 3,060. ಪ್ರತಿ ತಂಡದ ಪ್ರತಿ ಜಾಗದಲ್ಲಿ ಹಿಂದಿನ ವರ್ಷ ಯಾರು ಎಷ್ಟು ಆಡಿದರು ಎಂದು ಬರೆದು, ತಂಡ ಬಿಟ್ಟವರ ನಿಮಿಷಗಳನ್ನು ಹೊಡೆದುಹಾಕಿ. ಉಳಿಯುವ ಖಾಲಿ ಜಾಗ 1,500 ನಿಮಿಷಕ್ಕಿಂತ ಹೆಚ್ಚಿದ್ದರೆ ಮಾತ್ರ ಆ ತಂಡದ ಆಟಗಾರರನ್ನು ಪಟ್ಟಿಗೆ ಎತ್ತಿಕೊಳ್ಳಿ.

ಇಂಗ್ಲೆಂಡಿನ ಬ್ರೆಂಟ್‌ಫರ್ಡ್ ಕ್ಲಬ್ ಇದಕ್ಕೆ ಒಳ್ಳೆಯ ಉದಾಹರಣೆ. 2024ರ ಆಗಸ್ಟ್ ಕೊನೆಯಲ್ಲಿ ಐವನ್ ಟೋನಿ ಸೌದಿಯ ಅಲ್ ಅಹ್ಲಿಗೆ ಹೋದರು. ಅವರ ಜಾಗಕ್ಕೆಂದು ಬಂದಿದ್ದ ಇಗೊರ್ ಥಿಯಾಗೊ ಸೀಸನ್‌ಗೆ ಮೊದಲೇ ಮೊಣಕಾಲಿನ ಗಾಯಕ್ಕೆ ಸಿಲುಕಿದರು. ಮುಂಚೂಣಿಯಲ್ಲಿ ಪಳಗಿ ಉಳಿದವರು ಬ್ರಯಾನ್ ಎಂಬ್ಯೂಮೊ ಮತ್ತು ಯೋನ್ ವಿಸ್ಸಾ. ಹಿಂದಿನ ಸೀಸನ್‌ನಲ್ಲಿ ಕ್ರಮವಾಗಿ 9 ಮತ್ತು 12 ಲೀಗ್ ಗೋಲು ಗಳಿಸಿದ್ದವರು 20 ಮತ್ತು 19ಕ್ಕೆ ಏರಿದರು. ಎಂಬ್ಯೂಮೊ 2023–24ರ ದೊಡ್ಡ ಭಾಗವನ್ನು ಕಣಕಾಲಿನ ಗಾಯದಲ್ಲಿ ಕಳೆದಿದ್ದರು. ಆ ಮೊತ್ತ ಚಿಕ್ಕದಾಗಿ ಕಂಡದ್ದಕ್ಕೆ ಅದೂ ಕಾರಣ. ಮೊತ್ತದ ಬದಲು 90 ನಿಮಿಷದ ದರ ನೋಡಿದ್ದವರಿಗೆ ಅವರು ಮೊದಲೇ ಕಂಡಿರುತ್ತಿದ್ದರು.

ಖಾಲಿ ನಿಮಿಷ ಸಿಕ್ಕ ಮೇಲೆ ಹಂಚಿಕೆ. ಸ್ಪರ್ಧಿಗಳು ಎಷ್ಟು ಮಂದಿ, ಅವರಲ್ಲಿ ಕೋಚ್ ತಾನೇ ಕೇಳಿ ತರಿಸಿಕೊಂಡವರು ಯಾರು, ದೊಡ್ಡ ಮೊತ್ತ ಕೊಟ್ಟು ಕೊಂಡವರು ಯಾರು? ಹಣ ಸುರಿದು ತಂದವನಿಗೆ ಮೊದಲ ಹತ್ತು ಪಂದ್ಯಗಳಲ್ಲಿ ಅವಕಾಶ ಸಿಕ್ಕೇ ಸಿಗುತ್ತದೆ, ಅವನು ಸರಿಯಾಗಿ ಆಡದಿದ್ದರೂ. ಅಕಾಡೆಮಿಯಿಂದ ಬಂದ ಹುಡುಗನಿಗೆ ಎರಡು ಕೆಟ್ಟ ಪಂದ್ಯ ಸಾಕು, ಬೆಂಚ್‌ಗೆ ವಾಪಸ್. ಇದು ಅನ್ಯಾಯ ಅನ್ನಿಸಿದರೂ ಅಂದಾಜಿನಲ್ಲಿ ಸೇರಿಸಲೇಬೇಕು.

ಐದು ಬದಲಿ ಆಟಗಾರರ ನಿಯಮ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ 2022–23ರಿಂದ ಕಾಯಂ ಆಗಿದೆ. ವಿಂಗರ್ (ಮೈದಾನದ ಅಂಚಿನಲ್ಲಿ ದಾಳಿ ಮಾಡುವವರು) ಮತ್ತು ಸ್ಟ್ರೈಕರ್‌ಗಳು ಆರಂಭದಿಂದ ಆಡಿದರೂ 70–80ನೇ ನಿಮಿಷದ ಹೊತ್ತಿಗೆ ಹೊರಬರುವುದು ಈಗ ಮಾಮೂಲು. ಆದ್ದರಿಂದ "30 ಪಂದ್ಯ ಆಡುತ್ತಾನೆ" ಎಂದರೆ 2,700 ನಿಮಿಷ ಎಂದು ಬರೆಯಬೇಡಿ, 2,250 ಎಂದು ಬರೆಯಿರಿ.

ದರ, ಮತ್ತು ಅದನ್ನು ತಗ್ಗಿಸುವ ಬಗೆ

ಗೋಲುಗಳ ಮೊತ್ತ ನೋಡಿ ಆಯ್ಕೆ ಮಾಡುವುದೇ ಅತಿ ಹೆಚ್ಚು ಜನ ಎಡವುವ ಜಾಗ. ಹೊಡೆತಗಳನ್ನು ಗೋಲಾಗಿಸುವ ಪ್ರಮಾಣ ವರ್ಷದಿಂದ ವರ್ಷಕ್ಕೆ ತೂಗಾಡುತ್ತದೆ. ಒಳ್ಳೆಯ ಜಾಗಕ್ಕೆ ತಲುಪಿ ಹೊಡೆಯುವ ಅಭ್ಯಾಸ ಅಷ್ಟು ಬದಲಾಗುವುದಿಲ್ಲ. ಮೆಸ್ಸಿ, ಸನ್ ಹ್ಯೂಂಗ್‌ಮಿನ್‌ರಂಥ ಕೆಲವರು ವರ್ಷಗಟ್ಟಲೆ ಎಕ್ಸ್‌ಜಿಗಿಂತ ಹೆಚ್ಚು ಗೋಲು ಗಳಿಸಿದ್ದಾರೆ, ಆದರೆ ಒಂದೇ ಸೀಸನ್ ಆಡಿದ 21ರ ಹುಡುಗ ಅವರ ಸಾಲಿಗೆ ಸೇರಿದವನು ಎಂದು ನಂಬಲು ಆಧಾರವಿರುವುದಿಲ್ಲ. 5 ಎಕ್ಸ್‌ಜಿಗೆ 10 ಗೋಲು ಹೊಡೆದವನನ್ನು ಬಿಟ್ಟು, 9 ಎಕ್ಸ್‌ಜಿಗೆ 5 ಗೋಲು ಹೊಡೆದವನನ್ನು ಹಿಡಿಯಿರಿ. ಮೊದಲನೆಯವನು ಪತ್ರಿಕೆಗಳ ಪಟ್ಟಿಯಲ್ಲಿರುತ್ತಾನೆ, ಎರಡನೆಯವನು ನಿಮ್ಮದರಲ್ಲಿ.

ಕಡಿಮೆ ನಿಮಿಷ ಆಡಿದವರ ದರವನ್ನು ಹಾಗೆಯೇ ನಂಬಬಾರದು. ಎರಡು ತಿದ್ದುಪಡಿ ಮಾಡಿ.

ಒಂದು, ಬದಲಿ ಆಟಗಾರನಾಗಿ ಬಂದ ನಿಮಿಷಗಳು. ಕೊನೆಯ 20 ನಿಮಿಷದಲ್ಲಿ ಎದುರಾಳಿ ದಣಿದಿರುತ್ತಾರೆ, ಆಟ ಬಿಚ್ಚಿಕೊಂಡಿರುತ್ತದೆ, ಅವಕಾಶಗಳು ಹೆಚ್ಚು. ಅರ್ಧದಷ್ಟು ನಿಮಿಷ ಬೆಂಚ್‌ನಿಂದ ಬಂದಿದ್ದರೆ ದರದಲ್ಲಿ ಶೇ 10 ಕಳೆಯಿರಿ, ಪೂರ್ತಿ ಬೆಂಚ್‌ನಿಂದಾದರೆ ಶೇ 20. ಇದು ಒರಟು ಅಂದಾಜು. ಆದರೂ ಕಳೆಯದೇ ಬಿಡುವುದಕ್ಕಿಂತ ಮೇಲು.

ಎರಡು, ಸರಾಸರಿಯ ಕಡೆಗೆ ಎಳೆಯುವುದು. ಆಟಗಾರನ ನಿಮಿಷವನ್ನು ಅವನ ದರದಿಂದ ಗುಣಿಸಿ. 900 ನಿಮಿಷವನ್ನು ಆ ಜಾಗದ ಲೀಗ್ ಸರಾಸರಿಯಿಂದ ಗುಣಿಸಿ. ಎರಡನ್ನೂ ಕೂಡಿಸಿ, ಒಟ್ಟು ನಿಮಿಷದಿಂದ ಭಾಗಿಸಿ. ಸಾಂಬಾರಿನ ರುಚಿಯನ್ನು ಒಂದು ಹನಿಯಲ್ಲಿ ನೋಡಬಹುದು, ಆಟಗಾರನ ದರವನ್ನು ಆರು ಪಂದ್ಯದಲ್ಲಿ ನೋಡಲಾಗದು. 2,500 ನಿಮಿಷ ಆಡಿದವನ ಅಂಕಿ ಈ ಸೂತ್ರದಿಂದ ಸ್ವಲ್ಪವೇ ಅಲುಗುತ್ತದೆ, 400 ನಿಮಿಷದವನದು ಬಹಳ.

ಒಂದು ಕಲ್ಪಿತ ಲೆಕ್ಕ ಮಾಡಿ ನೋಡೋಣ. ತಂಡದ ಎರಡು ವಿಂಗ್‌ಗಳಿಗೆ ಒಟ್ಟು 6,840 ನಿಮಿಷ. ಹಿಂದಿನ ಸೀಸನ್‌ನಲ್ಲಿ ಮೊದಲ ವಿಂಗರ್ 2,900, ಎರಡನೆಯವನು 2,300, ನಮ್ಮ 22ರ ಹುಡುಗ 760, ಉಳಿದವರು 880. ಎರಡನೆಯವನು ತಂಡ ಬಿಟ್ಟ. ಹುಡುಗನ ಎಕ್ಸ್‌ಜಿ ಮತ್ತು ಎಕ್ಸ್‌ಎ ಸೇರಿದ ದರ 90 ನಿಮಿಷಕ್ಕೆ 0.62, ಅರ್ಧ ನಿಮಿಷಗಳು ಬೆಂಚ್‌ನಿಂದ. ಶೇ 10 ಕಳೆದರೆ 0.56. ವಿಂಗರ್‌ಗಳ ಸರಾಸರಿ 0.40 ಎಂದಿಟ್ಟುಕೊಂಡರೆ, 760ನ್ನು 0.56ರಿಂದ, 900ನ್ನು 0.40ರಿಂದ ಗುಣಿಸಿ ಕೂಡಿಸಿ 1,660ರಿಂದ ಭಾಗಿಸಿದಾಗ 0.47 ಬರುತ್ತದೆ. ಖಾಲಿಯಾದ 2,300ರಲ್ಲಿ ಶೇ 60 ಅವನಿಗೆ ಬಂದರೆ ಒಟ್ಟು 2,140 ನಿಮಿಷ, ಅಂದರೆ ಸುಮಾರು 24 ಪೂರ್ಣ ಪಂದ್ಯ. ನಿರೀಕ್ಷೆ: ಗೋಲು ಮತ್ತು ಅಸಿಸ್ಟ್ ಸೇರಿ 11. ಹಿಂದಿನ ವರ್ಷದ ಎರಡರಷ್ಟು, ಹುಡುಗ ಒಂದಿಷ್ಟೂ ಸುಧಾರಿಸದಿದ್ದರೂ.

ಈಗ ಕ್ಲಬ್ ಇನ್ನೊಬ್ಬ ವಿಂಗರ್‌ನನ್ನು ಕೊಂಡಿತು ಎನ್ನಿ. ಹುಡುಗನ ಪಾಲು ಶೇ 60ರಿಂದ 25ಕ್ಕೆ ಇಳಿದರೆ 1,335 ನಿಮಿಷ, ನಿರೀಕ್ಷೆ 7. ಪಟ್ಟಿಯಿಂದ ಹೊರಗೆ. ಪ್ರತಿಭೆ ಅದೇ, ಕಾಲು ಅದೇ.

ನಿರೀಕ್ಷೆ 11 ಎಂದರೆ 8ರಿಂದ 14ರವರೆಗೆ ಯಾವುದು ಬಂದರೂ ಅಚ್ಚರಿ ಪಡಬೇಕಿಲ್ಲ. ಇಂಥ ಎಣಿಕೆಗಳಲ್ಲಿ ಏರಿಳಿತ ಸುಮಾರಾಗಿ ನಿರೀಕ್ಷೆಯ ವರ್ಗಮೂಲದಷ್ಟು, ಇಲ್ಲಿ 3.3. ಮೇಲೆ ಎಳೆದ 14ರ ಗೆರೆ ಈ ಹುಡುಗನಿಗೆ ಸಾಧ್ಯ, ಖಚಿತವಲ್ಲ.

ಪೆನಾಲ್ಟಿ ಮತ್ತು ಕೊನೆಯ ದಿನದ ವರ್ಗಾವಣೆ

ತಂಡಕ್ಕೆ ಸೀಸನ್‌ಗೆ ನಾಲ್ಕೈದು ಪೆನಾಲ್ಟಿ ಸಿಕ್ಕರೆ, ತೆಗೆಯುವವನಿಗೆ ಮೂರು ನಾಲ್ಕು ಗೋಲು ಉಚಿತ. ಕೋಲ್ ಪಾಮರ್ 2023–24ರಲ್ಲಿ ಚೆಲ್ಸಿ ಪರ ಹೊಡೆದ 22 ಲೀಗ್ ಗೋಲುಗಳಲ್ಲಿ 9 ಪೆನಾಲ್ಟಿ. ಉಳಿದ 13 ಗೋಲು ಮತ್ತು 11 ಅಸಿಸ್ಟ್ ಸೇರಿದರೂ ಅದು ದೊಡ್ಡ ಬ್ರೇಕ್‌ಔಟೇ, ಆದರೆ ಸುದ್ದಿಯಾದದ್ದು 22. ಹಾಗಾಗಿ ಪೆನಾಲ್ಟಿ ತೆಗೆಯುವವನು ತಂಡ ಬಿಟ್ಟಿದ್ದಾನೆಯೇ, ಮುಂದಿನ ಸರದಿ ಯಾರದು ಎಂದು ಪ್ರತ್ಯೇಕ ಕಾಲಂನಲ್ಲಿ ಬರೆಯಿರಿ. ಮೂಲ ದರಕ್ಕೆ ಬೆರೆಸಬೇಡಿ.

ಪಾಮರ್ ಇನ್ನೊಂದು ಪಾಠವನ್ನೂ ಕೊಡುತ್ತಾರೆ. ಅವರು ಮ್ಯಾಂಚೆಸ್ಟರ್ ಸಿಟಿಯಿಂದ ಚೆಲ್ಸಿಗೆ ಬಂದದ್ದು 2023ರ ಸೆಪ್ಟೆಂಬರ್ 1ರಂದು, ವರ್ಗಾವಣೆಯ ಕಿಟಕಿ (ಆಟಗಾರರನ್ನು ಕೊಳ್ಳಲು ಅವಕಾಶವಿರುವ ಅವಧಿ) ಮುಚ್ಚುವ ದಿನ. ಅದಕ್ಕೆ ಮೊದಲು ಪ್ರೀಮಿಯರ್ ಲೀಗ್‌ನಲ್ಲಿ ಅವರ ಹೆಸರಿನಲ್ಲಿ ಒಂದು ಗೋಲೂ ಇರಲಿಲ್ಲ. ಆಗಸ್ಟ್ ಮೊದಲ ವಾರದಲ್ಲೇ ಪಟ್ಟಿ ಮುಚ್ಚಿದವರಿಗೆ ಅವರು ಸಿಗುವ ದಾರಿಯೇ ಇರಲಿಲ್ಲ. ಜುಲೈ ಕೊನೆಯಲ್ಲಿ 40 ಹೆಸರಿನ ಕರಡು ಮಾಡಿ, ಆಗಸ್ಟ್ ಮಧ್ಯದಲ್ಲಿ 20ಕ್ಕೆ ಇಳಿಸಿ, ಕಿಟಕಿ ಮುಚ್ಚಿದ ಮರುದಿನ ನಿಮಿಷಗಳ ಕಾಲಂ ಪೂರ್ತಿ ಹೊಸದಾಗಿ ತುಂಬಿ. ದೊಡ್ಡ ಕ್ಲಬ್‌ನ ಬೆಂಚ್‌ನಲ್ಲಿ ಕೂತ, ಕಡಿಮೆ ನಿಮಿಷದಲ್ಲೂ ಒಳ್ಳೆಯ ದರವಿರುವ ಹುಡುಗರನ್ನು ಬೇರೆ ಹಾಳೆಯಲ್ಲಿ ಇಟ್ಟುಕೊಂಡಿರಿ. ಕ್ಲಬ್ ಬದಲಾದ ಕ್ಷಣ ಅವರು ಮುಖ್ಯ ಪಟ್ಟಿಗೆ ಬರಬೇಕು.

ಜಾಗ ಬದಲಾದಾಗ

ಅಂಕಿಗಳು ಕೈಕೊಡುವುದು ಇಲ್ಲಿ, ದೊಡ್ಡ ಬಹುಮಾನ ಇರುವುದೂ ಇಲ್ಲಿ. ಜೂಡ್ ಬೆಲಿಂಗ್‌ಹ್ಯಾಮ್ ಡಾರ್ಟ್‌ಮಂಡ್‌ನ ಕೊನೆಯ ಸೀಸನ್‌ನಲ್ಲಿ ಮಿಡ್‌ಫೀಲ್ಡ್‌ನಿಂದ 8 ಲೀಗ್ ಗೋಲು ಗಳಿಸಿದ್ದರು. 2023ರಲ್ಲಿ ಬೆಂಜೆಮಾ ರಿಯಲ್ ಮ್ಯಾಡ್ರಿಡ್ ಬಿಟ್ಟರು. ಕೋಚ್ ಆಂಚೆಲೊಟ್ಟಿ ಬೆಲಿಂಗ್‌ಹ್ಯಾಮ್‌ರನ್ನು ಇಬ್ಬರು ಫಾರ್ವರ್ಡ್‌ಗಳ ಹಿಂದೆ ನಿಲ್ಲಿಸಿ ಪೆನಾಲ್ಟಿ ಪ್ರದೇಶಕ್ಕೆ ನುಗ್ಗಲು ಬಿಟ್ಟರು. 28 ಲೀಗ್ ಪಂದ್ಯದಲ್ಲಿ 19 ಗೋಲು ಬಂದವು. 1999ರಲ್ಲಿ ಯುವೆಂಟಸ್ ವಿಂಗ್‌ನಲ್ಲಿ ಆಡಿಸುತ್ತಿದ್ದ ತಿಯರಿ ಆನ್ರಿಯನ್ನು ಕೋಚ್ ವೆಂಗರ್ ಆರ್ಸೆನಲ್‌ಗೆ ತಂದು ಸ್ಟ್ರೈಕರ್ ಮಾಡಿದರು. ಮೊದಲ ಸೀಸನ್‌ನಲ್ಲೇ 17 ಲೀಗ್ ಗೋಲು.

ಇದನ್ನು ಮುಂಗಾಣಲು ಮೂರು ಪ್ರಶ್ನೆ ಕೇಳಿ. ಹೊಸ ಕೋಚ್ ಹಿಂದಿನ ತಂಡದಲ್ಲಿ ಅದೇ ಜಾಗದ ಆಟಗಾರನಿಂದ ಏನು ಮಾಡಿಸುತ್ತಿದ್ದರು? ಗೋಲಿಗೆ ಹತ್ತಿರವಿದ್ದ ಹಿರಿಯ ಹೋದ ಮೇಲೆ ಆ ಜಾಗಕ್ಕೆ ನೇರ ಬದಲಿ ಇದ್ದಾನೆಯೇ? ಆಟಗಾರ ಕಿರಿಯರ ತಂಡದಲ್ಲಿ ಅಥವಾ ರಾಷ್ಟ್ರೀಯ ತಂಡದಲ್ಲಿ ಇನ್ನೂ ಮುಂದಿನ ಜಾಗದಲ್ಲಿ ಆಡಿದ್ದಾನೆಯೇ? ಮೂರರಲ್ಲಿ ಎರಡಕ್ಕೆ ಅನುಕೂಲದ ಉತ್ತರ ಬಂದರೆ ಅವನ ಹಳೆಯ ಎಕ್ಸ್‌ಜಿ ದರವನ್ನು ಪಕ್ಕಕ್ಕಿಟ್ಟು, ಹೊಸ ಜಾಗದ ಸರಾಸರಿಯಿಂದ ಲೆಕ್ಕ ಶುರುಮಾಡಿ.

ಲೀಗ್ ಬದಲಾದಾಗ

ಮಟೆಯಾ ಕೆಜ್‌ಮನ್ 2002–03ರಲ್ಲಿ ಪಿಎಸ್‌ವಿ ಪರ ಡಚ್ ಲೀಗ್‌ನಲ್ಲಿ 35 ಗೋಲು ಹೊಡೆದು, 2004–05ರಲ್ಲಿ ಚೆಲ್ಸಿ ಪರ ಲೀಗ್‌ನಲ್ಲಿ ಗಳಿಸಿದ್ದು 4. ಲೂಯಿಸ್ ಸುವಾರೆಜ್ 2009–10ರಲ್ಲಿ ಆಯಾಕ್ಸ್ ಪರ ಅದೇ 35 ಹೊಡೆದು, ಲಿವರ್‌ಪೂಲ್‌ನಲ್ಲಿ 2013–14ರಲ್ಲಿ 31ಕ್ಕೆ ತಲುಪಿದರು. ಮೂಲ ಅಂಕಿ ಒಂದೇ ಇದ್ದರೂ ಆಟ ಬೇರೆ. ಸುವಾರೆಜ್ ಚೆಂಡನ್ನು ತಾವೇ ಹೊತ್ತು ತಂದು, ಎದುರಾಳಿಯನ್ನು ದಾಟಿ, ಇತರರಿಗೂ ಅವಕಾಶ ಕಟ್ಟಿಕೊಡುತ್ತಿದ್ದರು. ಪ್ರಬಲ ತಂಡದಲ್ಲಿ ಇತರರು ಕೊಟ್ಟ ಚೆಂಡನ್ನು ಮುಗಿಸುವುದಷ್ಟೇ ಕೆಲಸವಾಗಿರುವವರ ಗೋಲುಗಳು ಗಡಿ ದಾಟುವಾಗ ಹೆಚ್ಚು ಕರಗುತ್ತವೆ. ಡಚ್, ಪೋರ್ಚುಗೀಸ್, ಇಂಗ್ಲಿಷ್ ಎರಡನೇ ದರ್ಜೆಯಿಂದ ಐದು ದೊಡ್ಡ ಲೀಗ್‌ಗಳಿಗೆ ಬರುವವರ ದರದಲ್ಲಿ ಮೂರನೇ ಒಂದು ಭಾಗ ಕಡಿತ ಮಾಡುವುದು ನಮ್ಮ ಪದ್ಧತಿ. ಡ್ರಿಬಲ್ ಮತ್ತು ಅವಕಾಶ ಸೃಷ್ಟಿ ಎರಡೂ ಚೆನ್ನಾಗಿದ್ದರೆ ಕಾಲು ಭಾಗ.

ದೇಹ

ಹಿಂದಿನ ಎರಡು ಸೀಸನ್‌ಗಳಲ್ಲಿ ಎಷ್ಟು ಪಂದ್ಯಕ್ಕೆ ಲಭ್ಯವಿದ್ದ ಎಂಬುದು ಮುಂದಿನ ಲಭ್ಯತೆಗೆ ಒಳ್ಳೆಯ ಸೂಚಕ. ಒದೆ ತಿಂದು ಕಾಲು ಮುರಿದುಕೊಂಡದ್ದು ಬೇರೆ, ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಮತ್ತೆ ಮತ್ತೆ ಹಿಡಿದುಕೊಳ್ಳುವುದು ಬೇರೆ. ಎರಡನೆಯದು ಮರುಕಳಿಸುತ್ತದೆ, ವೇಗವೇ ಬಂಡವಾಳವಾದ ವಿಂಗರ್‌ಗೆ ವಿಶೇಷವಾಗಿ. ಮೊಣಕಾಲಿನ ಎಸಿಎಲ್ ಅಸ್ಥಿಬಂಧ ಹರಿದವರು ಮೈದಾನಕ್ಕೆ ಮರಳಲು ಎಂಟು ಹತ್ತು ತಿಂಗಳು ಬೇಕು. ಮರಳಿದ ಸೀಸನ್‌ನಲ್ಲಿ ಅವರನ್ನು ಆಯ್ಕೆ ಮಾಡಬೇಡಿ, ಅದರ ಮುಂದಿನದಕ್ಕೆ ಕಾಯಿರಿ. ಬೇಸಿಗೆಯಲ್ಲಿ ರಾಷ್ಟ್ರೀಯ ತಂಡದ ಟೂರ್ನಿ ಕೊನೆವರೆಗೆ ಆಡಿದವರಿಗೆ ಮೊದಲ ಮೂರು ವಾರ ಕಡಿಮೆ ನಿಮಿಷ ಬರೆಯಿರಿ. ಆಫ್ರಿಕಾ ಕಪ್ ಯುರೋಪಿನ ಸೀಸನ್ ಮಧ್ಯೆ ಬಿದ್ದರೆ ಆ ಆಟಗಾರರಿಗೆ ನಾಲ್ಕೈದು ಪಂದ್ಯ ಕಳೆಯಿರಿ.

ಹಿಂದಿನ ಸಾಲಿನವರು

ಡಿಫೆಂಡರ್‌ಗಳ ವಿಷಯದಲ್ಲಿ ಟ್ಯಾಕಲ್ (ಎದುರಾಳಿಯ ಕಾಲಿನಿಂದ ಚೆಂಡು ಕಸಿಯುವುದು) ಎಣಿಕೆ ದಾರಿ ತಪ್ಪಿಸುತ್ತದೆ. ಸದಾ ಒತ್ತಡದಲ್ಲಿರುವ ತಂಡದವನಿಗೆ ಟ್ಯಾಕಲ್ ಮಾಡುವ ಸಂದರ್ಭವೇ ಹೆಚ್ಚು. ಎದುರಾಳಿ ಬಳಿ ಚೆಂಡು ಎಷ್ಟು ಹೊತ್ತು ಇತ್ತು ಎಂಬುದಕ್ಕೆ ಹೊಂದಿಸಿದ ಅಂಕಿ ಸಿಕ್ಕರೆ ಮಾತ್ರ ಬಳಸಿ. ಗೋಲ್‌ಕೀಪರ್‌ಗಳಿಗೆ ನಿಮಿಷ ಸಿಕ್ಕರೆ ಪೂರ್ತಿ, ಇಲ್ಲದಿದ್ದರೆ ಶೂನ್ಯ. ಮೊದಲ ಕೀಪರ್ ಹೊರಡುವುದು ಖಚಿತವಾಗುವವರೆಗೆ ಪಟ್ಟಿಗೆ ಹಾಕಬೇಡಿ.

ಅಭ್ಯಾಸ ಪಂದ್ಯಗಳಲ್ಲಿ ಏನು ನೋಡಬೇಕು

ಗೋಲುಗಳನ್ನಲ್ಲ. ಕೊನೆಯ ಎರಡು ಅಭ್ಯಾಸ ಪಂದ್ಯಗಳಲ್ಲಿ ಯಾರ ಜೊತೆ ಆಡಿಸಿದರು ಎಂದು ನೋಡಿ. ಮೊದಲ ಆಯ್ಕೆಯ ಸೆಂಟರ್‌ಬ್ಯಾಕ್‌ಗಳು, ನಾಯಕ ಮೈದಾನದಲ್ಲಿದ್ದಾಗ ಹುಡುಗನೂ ಇದ್ದನೇ? ಕಾರ್ನರ್, ಫ್ರೀಕಿಕ್ ಯಾರು ತೆಗೆದರು? 60ನೇ ನಿಮಿಷದಲ್ಲಿ ಹತ್ತು ಜನರನ್ನು ಒಟ್ಟಿಗೆ ಬದಲಿಸಿದಾಗ ಅವನು ಯಾವ ಗುಂಪಿನಲ್ಲಿದ್ದ? ಸೀಸನ್ ಶುರುವಾದ ಮೇಲೂ ಕಪ್ ಪಂದ್ಯಗಳ ಮೇಲೆ ಕಣ್ಣಿಡಿ. 2014ರ ಶರತ್ಕಾಲದಲ್ಲಿ ಹ್ಯಾರಿ ಕೇನ್ ಟಾಟ್ನಮ್‌ನ ಯುರೋಪಾ ಲೀಗ್ ಪಂದ್ಯಗಳಲ್ಲಿ ಗೋಲು ಹೊಡೆಯುತ್ತಿದ್ದಾಗ ಲೀಗ್‌ನಲ್ಲಿ ಇನ್ನೂ ಬೆಂಚ್‌ನಲ್ಲಿದ್ದರು. ಆ ಸೀಸನ್ ಮುಗಿದಾಗ ಅವರದು 21 ಲೀಗ್ ಗೋಲು.

ಶೇಕಡಾವಾರು ಹೇಳಿ, ಅಳೆಯಿರಿ

"ಇವನು ಮಿಂಚುತ್ತಾನೆ" ಎಂದು ಬರೆಯಬೇಡಿ, "ಶೇ 30" ಎಂದು ಬರೆಯಿರಿ. ಎಷ್ಟರಿಂದ ಆರಂಭಿಸಬೇಕು ಎಂದು ತಿಳಿಯಲು ಹಿಂದಿನ ಸೀಸನ್‌ಗೇ ಇದೇ ಸೂತ್ರ ಹಾಕಿ, ಪಟ್ಟಿಗೆ ಬಂದವರಲ್ಲಿ ಎಷ್ಟು ಮಂದಿ ಗೆರೆ ದಾಟಿದರು ಎಂದು ಎಣಿಸಿ. ಆ ಪ್ರಮಾಣವೇ ನಿಮ್ಮ ತಳ. ಖಾಲಿ ನಿಮಿಷ, ಪೆನಾಲ್ಟಿ, ಹೊಂದುವ ಕೋಚ್ ಇದ್ದರೆ ಮೇಲಕ್ಕೆ. ಗಾಯ, ಹೊಸ ಪೈಪೋಟಿ ಇದ್ದರೆ ಕೆಳಕ್ಕೆ.

ಕೊನೆಗೆ ಅಂದಾಜುಗಳು ಎಷ್ಟು ನಿಖರ ಎಂದು ಅಳೆಯುವ ಬ್ರಯರ್ ಅಂಕ ತೆಗೆಯಿರಿ. ಶೇ 30 ಕೊಟ್ಟವನು ಮಿಂಚಿದರೆ 1ರಿಂದ 0.3 ಕಳೆದು ವರ್ಗ ಮಾಡಿ, 0.49, ಮಿಂಚದಿದ್ದರೆ 0.3ರ ವರ್ಗ, 0.09. ಎಲ್ಲರ ಸರಾಸರಿ ಕಡಿಮೆ ಇದ್ದಷ್ಟೂ ಒಳ್ಳೆಯದು. ಎಲ್ಲರಿಗೂ ತಳದ ಪ್ರಮಾಣವನ್ನೇ ಕೊಟ್ಟಿದ್ದರೆ ಬರುತ್ತಿದ್ದ ಅಂಕಕ್ಕಿಂತ ನಿಮ್ಮದು ಕೆಟ್ಟದಿದ್ದರೆ ತಿದ್ದುಪಡಿಗಳು ಉಪಕಾರಕ್ಕಿಂತ ಅಪಕಾರ ಮಾಡಿವೆ ಎಂದರ್ಥ.

ಹತ್ತನೇ ಸುತ್ತಿನ ನಂತರ ಒಮ್ಮೆ ಪಟ್ಟಿ ತೆರೆಯಿರಿ. ಗೋಲು ಬರದಿದ್ದರೂ ನಿಮಿಷ ಮತ್ತು ಎಕ್ಸ್‌ಜಿ ಅಂದಾಜಿನಂತೆ ಇದ್ದರೆ ಕೈಬಿಡಬೇಡಿ. ನಿಮಿಷ ಅಂದಾಜಿನ ಅರ್ಧಕ್ಕಿಂತ ಕಡಿಮೆಯಾಗಿದ್ದು ಕೋಚ್ ಅವರೇ ಇದ್ದರೆ ಹೆಸರು ಹೊಡೆದುಹಾಕಿ. ಕೋಚ್ ಬದಲಾಗಿದ್ದರೆ ಇನ್ನೂ ಐದು ಪಂದ್ಯ ಕಾಯಿರಿ. ತಪ್ಪಿದ ಪ್ರತಿ ಹೆಸರಿನ ಮುಂದೆ ಒಂದೇ ಪದ ಬರೆಯಿರಿ: ನಿಮಿಷ, ದರ, ಗಾಯ ಅಥವಾ ಅದೃಷ್ಟ. ಯಾವ ಪದ ಹೆಚ್ಚು ಸಲ ಬಂದಿದೆಯೋ, ಮುಂದಿನ ಜುಲೈನಲ್ಲಿ ಆ ಕಾಲಂಗೆ ಹೆಚ್ಚು ಸಮಯ ಕೊಡಿ.